ಹದಿನೇಳು ಹಾಕಿದ ಮಶೀನು

ಭದ್ರಾವತಿಯ ಹೊಸಮನೆಯಲ್ಲಿ ಯಾರ ಮನೆಗಾದರೂ ಹೋಗಿ ಗ್ರೈಂಡರನ್ನು ಸ್ವಲ್ಪ ವಾಲಿಸಿ ಅದರ ಅಡಿ ನೋಡಿ. ಹಳದಿ ಬಣ್ಣದಲ್ಲಿ ಬರೆದ ಹದಿನೇಳು ಕಾಣುತ್ತದೆ. ಗ್ರೈಂಡರ್ ಇಲ್ಲದ ಮನೆಯಾದರೆ ಸೈಕಲ್ ಸೀಟಿನ ಕೆಳಗೋ, ಹೊಲಿಗೆ ಮಶೀನಿನ ಕಾಲಿಗೋ ಇರುತ್ತದೆ. ಅದು ಸಿದ್ದಯ್ಯನವರ ನಂಬರು.

ಸಿದ್ದಯ್ಯ ಕಾರ್ಖಾನೆಯ ಫೌಂಡ್ರಿಯಲ್ಲಿ ಇನ್ಸ್‌ಪೆಕ್ಟರ್ ಆಗಿದ್ದವರು. ಎರಕ ಹೊಯ್ದು ತಣ್ಣಗಾದ ಕಬ್ಬಿಣದ ತುಂಡನ್ನು ಚಿಕ್ಕ ಸುತ್ತಿಗೆಯಿಂದ ತಟ್ಟಿ, ಸದ್ದು ಕೇಳಿ, ಒಳಗೆ ಬಿರುಕಿದೆಯೋ ಇಲ್ಲವೋ ಹೇಳುವುದು ಅವರ ಕೆಲಸ. ಪಾಸಾದರೆ ಹಳದಿ ಬಣ್ಣದಲ್ಲಿ ತಮ್ಮ ಇನ್ಸ್‌ಪೆಕ್ಟರ್ ನಂಬರು ಹದಿನೇಳು, ಫೇಲಾದರೆ ಕೆಂಪು ಇಂಟು ಗುರುತು. ಕೆಂಪು ಬಿದ್ದ ಮಾಲು ವಾಪಸ್ ಕುಲುಮೆಗೆ. ಯಾವ ಮೇಲಧಿಕಾರಿ ಬಂದು ಹೆಗಲ ಮೇಲೆ ಕೈ ಹಾಕಿದರೂ ಆ ಕೆಂಪು ಅಳಿಸುತ್ತಿರಲಿಲ್ಲ. ಅದಕ್ಕೇ ಊರೆಲ್ಲ ಅವರನ್ನು ರಿಜೆಕ್ಟ್ ಸಿದ್ದಯ್ಯ ಅನ್ನುತ್ತಿತ್ತು. ಅವರಿಗೆ ಆ ಹೆಸರಿನ ಮೇಲೆ ಒಳಗೊಳಗೇ ಪ್ರೀತಿ ಇತ್ತು.

ಕಾರ್ಖಾನೆಯ ಜನ ಹೊಸದೋ ಹಳೆಯದೋ ಏನು ಕೊಳ್ಳಲು ಹೊರಟರೂ ಸಿದ್ದಯ್ಯನವರನ್ನು ಜೊತೆಗೆ ಕರೆದುಕೊಂಡು ಹೋಗುತ್ತಿದ್ದರು. ಅಂಗಡಿಯವನ ಎದುರೇ ಫ್ಯಾನಿನ ರೆಕ್ಕೆ ತಟ್ಟುತ್ತಿದ್ದರು, ಗ್ರೈಂಡರಿನ ಕಲ್ಲು ತಟ್ಟುತ್ತಿದ್ದರು, ಮಂಚದ ಕಾಲನ್ನೂ ಬಿಡುತ್ತಿರಲಿಲ್ಲ. ಸರಿ ಕಂಡರೆ ಮನೆಗೆ ತಂದ ಮೇಲೆ ಬಂದು ಹಳದಿ ಬಣ್ಣ ಹಚ್ಚಿ, ಒಂದು ಲೋಟ ಕಾಫಿ ಕುಡಿದು ಹೋಗುತ್ತಿದ್ದರು. ಇದಕ್ಕೆ ಹದಿನೇಳು ಹಾಕಿಸುವುದು ಅಂತಲೇ ಹೆಸರು. ಸ್ವಂತ ಮದುವೆಯಲ್ಲಿ ಮಾವನ ಮನೆಯವರು ಕೊಟ್ಟ ಬೀರುವಿನ ಬಾಗಿಲು ಸರಿಯಾಗಿ ಕೂರುವುದಿಲ್ಲ ಎಂದು ಧಾರೆ ಮುಗಿದ ಕೂಡಲೇ ಹೇಳಿದವರು ಅವರು. ಹೆಂಡತಿ ಸುವರ್ಣಮ್ಮ ಅದನ್ನು ಇವತ್ತಿಗೂ ಮರೆತಿಲ್ಲ.

"ನನ್ನ ಒಬ್ಳನ್ನ ಯಾಕೋ ಪಾಸ್ ಮಾಡಿಬಿಟ್ರು," ಎನ್ನುತ್ತಿದ್ದರು.

"ನಿಂಗೆ ನಂಬರ್ ಹಾಕಿಲ್ಲ ಕಣೇ, ಇನ್ನೂ ಚೆಕ್ಕಿಂಗಲ್ಲಿದೀಯ," ಎನ್ನುತ್ತಿದ್ದರು ಇವರು.

ಕಾರ್ಖಾನೆಯಲ್ಲಿ ಸ್ವಇಚ್ಛೆಯ ನಿವೃತ್ತಿ ಎಂಬ ಯೋಜನೆ ಬಂತು. ಫೌಂಡ್ರಿಯ ಅರ್ಧ ಜನ ಅದರಲ್ಲಿ ಹೊರಬಿದ್ದರು, ಸಿದ್ದಯ್ಯನವರೂ ಬಂದರು. ಬಂದವರಲ್ಲಿ ಕೆಲವರು ಆಟೋ ತಗೊಂಡರು, ಕೆಲವರು ಹೋಟೆಲ್ ಹಾಕಿದರು. ಸಿದ್ದಯ್ಯ ಮಾತ್ರ ಹೊಸಮನೆ ಮುಖ್ಯರಸ್ತೆಯಲ್ಲಿ ಒಂದು ಮಳಿಗೆ ಹಿಡಿದು ಗೇಮ್ಸ್ ಪಾರ್ಲರ್ ಹಾಕುತ್ತೇನೆ ಅಂದರು. ಊರಿಗೆ ಊರೇ ನಕ್ಕಿತು. ಆದರೆ ಅವರು ತರಲು ಹೊರಟಿದ್ದು ವಿಡಿಯೋ ಗೇಮ್ ಅಲ್ಲ. ಬೆಂಗಳೂರಿನ ಒಂದು ಎಕ್ಸಿಬಿಷನ್ನಿನಲ್ಲಿ ಅವರು ಪಿನ್‌ಬಾಲ್ ನೋಡಿಬಿಟ್ಟಿದ್ದರು.

ಪಿನ್‌ಬಾಲ್ ನೋಡದವರಿಗೆ ಹೇಳಬೇಕು: ಇಳಿಜಾರಾಗಿಟ್ಟ ಒಂದು ದೊಡ್ಡ ಗಾಜಿನ ಮೇಜು. ಸ್ಪ್ರಿಂಗ್ ಎಳೆದು ಬಿಟ್ಟರೆ ಉಕ್ಕಿನ ಗುಂಡು ಮೇಲಕ್ಕೆ ಹಾರಿ, ಅಲ್ಲಿ ಇಲ್ಲಿ ಬಡಿದು ಕೆಳಕ್ಕೆ ಬರುತ್ತದೆ. ಕೆಳಗೆ ಎರಡು ಪುಟ್ಟ ರೆಕ್ಕೆಗಳಿವೆ. ಪಕ್ಕದ ಗುಂಡಿ ಒತ್ತಿದರೆ ರೆಕ್ಕೆ ಬಡಿದು ಗುಂಡನ್ನು ಮತ್ತೆ ಮೇಲಕ್ಕೆ ಕಳಿಸುತ್ತದೆ. ಗುಂಡು ರೆಕ್ಕೆಗಳ ನಡುವೆ ಜಾರಿತೋ, ಹೋಯಿತು. ಆಹಾ, ಆ ಸದ್ದು! ಒಮ್ಮೆ ಕೈಗೆ ಹತ್ತಿದರೆ ಬೇರೆ ಯಾವ ಆಟವೂ ರುಚಿಸುವುದಿಲ್ಲ. ಸಿದ್ದಯ್ಯನವರಿಗೆ ಹಿಡಿಸಿದ್ದೂ ಅದೇ. "ಟೀವಿ ಒಳಗೆ ಓಡೋದು ಬರೀ ಬೆಳಕು ಕಣಯ್ಯ. ಇದು ಉಕ್ಕು. ತಟ್ಟಿದ್ರೆ ಸದ್ದು ಬರುತ್ತೆ," ಎನ್ನುತ್ತಿದ್ದರು.

ಶಿವಮೊಗ್ಗದಲ್ಲಿ, ಕೋಟೆಗೆ ಹೋಗುವ ರಸ್ತೆಯಲ್ಲಿ, ಹರ್ಷವರ್ಧನ ಎಂಬ ಏಜೆಂಟ್ ಇದ್ದ. ಇಂಥ ಮಶೀನುಗಳನ್ನು ಮುಂಬೈ ಕಡೆಯಿಂದ ತರಿಸಿಕೊಡುತ್ತಿದ್ದ. ಟೈ ಕಟ್ಟುತ್ತಿದ್ದ, ಎರಡು ಮಾತಿಗೊಮ್ಮೆ ಸಾರ್ ಅನ್ನುತ್ತಿದ್ದ. ಅವನ ಹತ್ತಿರ ಹಳೆಯ ಮಶೀನು ಒಂದಿತ್ತು, ಹೊಸದು ಒಂದು ಬರುವುದಿತ್ತು.

"ಹಳೇದೇ ತಗೊಳ್ರಿ," ಅಂದರು ಸುವರ್ಣಮ್ಮ. "ಹತ್ತು ಜನ ಆಡಿ ನೋಡಿರ್ತಾರೆ. ಏನ್ ಐಬಿದೆ ಅಂತ ಗೊತ್ತಾಗಿರುತ್ತೆ."

"ಹಳೇದು ಸವೆದಿರುತ್ತೆ. ಹೊಸದ್ರಲ್ಲಿ ಐಬು ಎಲ್ಲಿಂದ ಬರುತ್ತೆ? ಬಂದ್ರೂ ನಾನು ಹಿಡೀತೀನಿ."

ಹೊಸದು ಬಂತು. ಏಳು ಬಾಗಿಲ ಕೋಟೆಯ ಆಟ ಅದು. ಒಂದೊಂದು ಬಾಗಿಲಿಗೂ ಗುಂಡನ್ನು ಗುರಿಯಿಟ್ಟು ಹೊಡೆದು ತೆಗೆಸಬೇಕು. ಏಳೂ ತೆಗೆದರೆ ಕೊನೆಗೆ ಸಿಂಹಾಸನ. ಜೊತೆಗೆ ಬಂದ ಬಣ್ಣದ ಪೋಸ್ಟರಿನಲ್ಲಿ ಆ ಸಿಂಹಾಸನ ಧಗಧಗ ಹೊಳೆಯುತ್ತಿತ್ತು, ಗುಂಡುಗಳು ಮಳೆಯಂತೆ ಸುರಿಯುತ್ತಿದ್ದವು. ಇಷ್ಟು ಚೆಂದದ ಮಶೀನು ಜಿಲ್ಲೆಯಲ್ಲಿ ಇನ್ನೊಂದಿರಲಿಲ್ಲ, ಈಗಲೂ ಅದರ ಚೆಂದದ ಬಗ್ಗೆ ನಮ್ಮಲ್ಲಿ ಯಾರದೂ ತಕರಾರಿಲ್ಲ.

ಟೆಂಪೋದಿಂದ ಇಳಿಸಿದ ಕೂಡಲೇ ಸಿದ್ದಯ್ಯ ಸುತ್ತಿಗೆ ತೆಗೆದರು. ಕಾಲು ತಟ್ಟಿದರು. ರಸಮಟ್ಟ ಇಟ್ಟು ಇಳಿಜಾರು ನೋಡಿದರು. ಗಾಜಿಗೆ ಕಣ್ಣು ಹಚ್ಚಿ ಗೀರು ಹುಡುಕಿದರು. ಗುಂಡನ್ನು ಅಂಗೈ ಮೇಲೆ ಉರುಳಿಸಿದರು. ಸ್ಪ್ರಿಂಗ್ ಎಳೆದು ಬಿಟ್ಟು, ಎಳೆದು ಬಿಟ್ಟು ಕಿವಿಗೊಟ್ಟರು. ಒಂದು ಕಾಲಿನ ಬೋಲ್ಟಿನ ತಿರುಪು ಸವೆದಿತ್ತು.

"ಇದು ರಿಜೆಕ್ಟು," ಅಂದರು.

ಹರ್ಷವರ್ಧನ ನಗುನಗುತ್ತಲೇ ಬೇರೆ ಬೋಲ್ಟ್ ಕೊಟ್ಟ. "ನಿಮ್ಮಂಥ ಗಿರಾಕಿ ಸಿಕ್ಕಿದ್ರೆ ನಮ್ಮ ಕಂಪ್ನಿ ಉದ್ಧಾರ ಆಗುತ್ತೆ ಸಾರ್."

"ಬೇರೆ ಏನಾದ್ರೂ ಬಾಕಿ ಇದ್ಯಾ?"

"ಎಲ್ಲಾ ಇದೆ ಸಾರ್. ಫುಲ್ ಮಶೀನು."

ಸಿದ್ದಯ್ಯ ಬಾಗಿ, ಮುಂದಿನ ಬಲಗಾಲಿನ ಮೇಲೆ ಹಳದಿ ಬಣ್ಣದಲ್ಲಿ ಹದಿನೇಳು ಬರೆದರು. ಸುವರ್ಣಮ್ಮ ಅದಕ್ಕೆ ಅರಿಶಿನ ಕುಂಕುಮ ಇಟ್ಟರು. ನೆರೆದವರೆಲ್ಲ ಚಪ್ಪಾಳೆ ತಟ್ಟಿದರು. ಮಶೀನಿನ ಕಬ್ಬಿಣವನ್ನೆಲ್ಲ ಅವರು ನೋಡಿದ್ದರು. ಆಟ ನಡೆಸುವ ಒಳಗಿನ ಕಂಪ್ಯೂಟರ್ ಚಿಪ್‌ನಲ್ಲಿ ಏನು ಬರೆದಿದೆ, ಏನು ಬರೆದಿಲ್ಲ ಅನ್ನುವುದು ಮಾತ್ರ ಯಾವ ಸುತ್ತಿಗೆಗೂ ಸಿಕ್ಕುವಂಥದಲ್ಲ.

ಪಾರ್ಲರ್ ಜೋರಾಗಿ ನಡೆಯಿತು. ಶಿಫ್ಟಿನ ಸೈರನ್ ಕೂಗಿದರೆ ಸಾಕು, ಕಾರ್ಖಾನೆಯವರು ಟಿಫಿನ್ ಕ್ಯಾರಿಯರ್ ಸಮೇತ ಬಂದು ಸಾಲಲ್ಲಿ ನಿಲ್ಲುತ್ತಿದ್ದರು. ನಾವು ಕಾಲೇಜಿನ ಹುಡುಗರು ಕ್ಲಾಸು ಬಿಟ್ಟು ಬರುತ್ತಿದ್ದೆವು. ನಮಗೆ ಮೂರನೇ ಬಾಗಿಲಿಗೇ ಕೈ ಬೆವರುತ್ತಿತ್ತು. ಸಿದ್ದಯ್ಯ ಪೋಸ್ಟರನ್ನು ಗೋಡೆಗೆ ಅಂಟಿಸಿ ಪಕ್ಕದಲ್ಲಿ ಒಂದು ಖಾಲಿ ಫೋಟೋ ಫ್ರೇಮು ತೂಗುಹಾಕಿದ್ದರು. ಸಿಂಹಾಸನ ಯಾರು ಮೊದಲು ಏರುತ್ತಾರೋ ಅವರ ಫೋಟೋ ಅದರಲ್ಲಿ. ಯಾರಾದರೂ ಅನುಮಾನ ಪಟ್ಟರೆ ಮಶೀನಿನ ಕಾಲು ತೋರಿಸುತ್ತಿದ್ದರು. "ನಂಬರ್ ಹಾಕಿದೀನಿ. ಕೊನೇತನಕ ಹೋಗುತ್ತೆ. ಹೋಗೋ ಕೈ ನಿಮ್ದಾಗಿರ್ಬೇಕು ಅಷ್ಟೇ."

ಆ ಕೈ ಉಜ್ಜನಪ್ಪನದು. ಕಾರ್ಖಾನೆಯಲ್ಲಿ ಕ್ರೇನ್ ಓಡಿಸುತ್ತಿದ್ದ. ಕರಗಿದ ಕಬ್ಬಿಣದ ಬಾನಿಯನ್ನು ಒಂದು ಹನಿ ಚೆಲ್ಲದೆ ಆ ಕಡೆಯಿಂದ ಈ ಕಡೆಗೆ ಸಾಗಿಸುವವನು. ಮಾತು ಒರಟು, ಬೆರಳು ಹೂವು. ಹಿಂದೆ ಫೌಂಡ್ರಿಯಲ್ಲಿ ಸಿದ್ದಯ್ಯನ ಕೆಂಪು ಗುರುತಿಗೆ ಅವರಿವರೆಲ್ಲ ಬೈಯುವಾಗ, "ಅವ್ನು ಪಾಸ್ ಮಾಡಿದ ಕೊಕ್ಕೆ ನಂಬಿಕೊಂಡು ನಾನು ಮೇಲೆ ಕೂತಿರ್ತೀನಿ. ಬೈಬೇಡ್ರೋ," ಅಂದವನು ಅವನೇ.

ಆಯುಧಪೂಜೆಯ ಮರುದಿನ. ಮಶೀನಿಗೆ ಹಾಕಿದ್ದ ಚೆಂಡುಹೂವಿನ ಹಾರ ಇನ್ನೂ ಹಾಗೇ ಇತ್ತು. ಅಂಗಿ ಬಿಚ್ಚಿಟ್ಟು ಆಡುತ್ತಿದ್ದ ಉಜ್ಜನಪ್ಪ ಆಟದ ಕೊನೆಯ ಗುಂಡಿನಲ್ಲಿದ್ದ. ಐದನೇ ಬಾಗಿಲು ತೆಗೆಯಿತು, ಆರನೆಯದೂ ತೆಗೆಯಿತು. ಜನ ಕೇರಂ ಬೋರ್ಡು ಬಿಟ್ಟು ಬಂದರು, ಎದುರಿನ ಸಲೂನಿನಿಂದ ಅರ್ಧ ಶೇವಿಂಗ್ ಆದವನೊಬ್ಬ ನೊರೆ ಸಮೇತ ಬಂದ. ಸಿದ್ದಯ್ಯ ಸ್ಟೂಲಿನ ಮೇಲೆ ಹತ್ತಿ ನಿಂತಿದ್ದರು.

"ಉಸಿರಾಡ್ಬೇಡ್ರೋ ಯಾರೂ," ಅಂದ ಉಜ್ಜನಪ್ಪ.

ಗುಂಡು ಎಡರೆಕ್ಕೆಯ ತುದಿಗೆ ಬಂದು ಒಂದು ಕ್ಷಣ ನಿಂತಂತೆ ಕಂಡಿತು. ಅವನು ಒತ್ತಿದ. ಅದು ಹಾರಿ ನೇರ ಏಳನೇ ಬಾಗಿಲಿಗೆ. ದೀಪಗಳೆಲ್ಲ ಒಟ್ಟಿಗೆ ಹತ್ತಿದವು. ಕಹಳೆ ಊದಿತು. ಎಲ್ಲರೂ ಹೋ ಎಂದರು.

ಆಮೇಲೆ ದೀಪಗಳೆಲ್ಲ ಆರಿದವು. ಮೇಲಿನ ಪರದೆಯ ಮೇಲೆ ಇಂಗ್ಲಿಷಿನಲ್ಲಿ ಎರಡೇ ಪದ ಬಂದವು. ಕಮಿಂಗ್ ಸೂನ್. ರೆಕ್ಕೆಗಳು ಸತ್ತವು. ಉಜ್ಜನಪ್ಪ ಗುಂಡಿ ಒತ್ತುತ್ತಲೇ ಇದ್ದ, ಗುಂಡು ಮೆಲ್ಲಗೆ ಉರುಳಿ ಬಂದು ಅವನ ಕಣ್ಣೆದುರೇ ನಡುವಿನ ತೂತಿಗೆ ಬಿತ್ತು. ಆಟ ಮುಗಿಯಿತು.

ನೊರೆಯವನು ಮೊದಲು ನಕ್ಕ. "ಏನ್ ಸಿದ್ದಣ್ಣ, ಸಿನಿಮಾ ಪೋಸ್ಟರ್ರಾ ಇದು? ಕಮಿಂಗ್ ಸೂನ್ ಅಂತೆ!"

ನಗು ಬೆಂಕಿಯಂತೆ ಹಬ್ಬಿತು. ಉಜ್ಜನಪ್ಪ ನಗಲಿಲ್ಲ. ಬಾಗಿ ಮಶೀನಿನ ಕಾಲು ನೋಡಿದ, ತಲೆಯೆತ್ತಿ ಸ್ಟೂಲಿನ ಮೇಲಿದ್ದವರನ್ನು ನೋಡಿದ.

"ಸಿದ್ದಯ್ಯ, ಇದಕ್ಕೆ ಹದಿನೇಳು ಹಾಕಿದೀಯಲ್ಲೋ."

ಅಷ್ಟೇ ಅಂದದ್ದು. ಪರದೆಯ ಮೇಲೆ ಬಂದ ಅತಿಹೆಚ್ಚು ಅಂಕದವರ ಪಟ್ಟಿಯಲ್ಲಿ ತನ್ನ ಹೆಸರಿನ ಮೂರು ಅಕ್ಷರ ಒತ್ತಿ, ಅಂಗಿ ಹಾಕಿಕೊಂಡು ಹೋದ.

ಮರುದಿನ ಬೆಳಗಿನ ಬಸ್ಸಿಗೆ ಸಿದ್ದಯ್ಯ ಶಿವಮೊಗ್ಗಕ್ಕೆ ಹೋದರು. ಹರ್ಷವರ್ಧನ ಕುರ್ಚಿ ಎಳೆದು ಕೂರಿಸಿ ಟೀ ತರಿಸಿದ. ಎಲ್ಲ ಕೇಳಿಸಿಕೊಂಡ. ಆಶ್ಚರ್ಯವನ್ನೇನೂ ಪಡಲಿಲ್ಲ.

"ಹೌದು ಸಾರ್, ಆ ಕೊನೇ ಭಾಗದ ಪ್ರೋಗ್ರಾಮ್ ಇನ್ನೂ ಬರೀತಾ ಇದಾರೆ. ಮುಗಿದ ಕೂಡ್ಲೇ ಹೊಸ ಚಿಪ್ ಬರುತ್ತೆ. ಹಳೇದು ಕಿತ್ತು ಅದನ್ನ ಹಾಕೋದು, ಅಷ್ಟೇ."

"ಬರೆದು ಮುಗಿಸ್ದೆ ಯಾಕ್ ಮಾರಿದ್ರಿ?"

"ಮಾರಿದ್ರೆ ತಾನೇ ಸಾರ್ ಬರೆಯೋರಿಗೆ ಸಂಬ್ಳ ಕೊಡಕ್ಕಾಗೋದು? ಮಶೀನ್ ಏನೋ ರೆಡಿನೇ. ಪ್ರೋಗ್ರಾಮ್ ಅನ್ನೋದು ಬೆಳೀತಾ ಇರುತ್ತೆ."

"ಬೆಳೆಯೋದು ಭತ್ತ ಮಾರಾಯ. ಇದು ಮಶೀನು. ಎಲ್ಲಾ ಇದ್ಯಾ ಅಂತ ನಿನ್ನ ಕೇಳಿದ್ನಾ ಇಲ್ವಾ?"

"ಎಲ್ಲಾ ಇದೆಯಲ್ಲ ಸಾರ್. ಬಾಗ್ಲು ಏಳೂ ಇದಾವೆ. ಅದ್ರಾಚೆಗೆ ಹೋಗೋರು ಯಾರು? ನಿಮ್ಮೂರಲ್ಲೇ ಯಾರೋ ಒಬ್ಬ ಹೋಗಿಬಿಟ್ಟಿದಾನೆ!"

ತಪ್ಪು ಮಾಡಿದವನು ಉಜ್ಜನಪ್ಪ ಅನ್ನುವ ಹಾಗಿತ್ತು ಅವನ ಮಾತು.

ಆಮೇಲೆ ಸಿದ್ದಯ್ಯನವರ ಬಾಳಿನಲ್ಲಿ ಶಿವಮೊಗ್ಗದ ಬಸ್ಸು ಖಾಯಂ ಆಯಿತು. ಹೋದಾಗಲೆಲ್ಲ ಟೀ ಸಿಗುತ್ತಿತ್ತು, ಚಿಪ್ ಸಿಗುತ್ತಿರಲಿಲ್ಲ. ಹಡಗಿನಲ್ಲಿದೆ ಸಾರ್. ಕಸ್ಟಮ್ಸಿನಲ್ಲಿದೆ ಸಾರ್. ಬರೆಯುತ್ತಿದ್ದವನು ಕೆಲಸ ಬಿಟ್ಟನಂತೆ ಸಾರ್, ಹೊಸಬ ಕಲಿಯುತ್ತಿದ್ದಾನೆ ಸಾರ್. ಇತ್ತ ಊರಿನವರು ಅವರ ಹಳೆಯ ಹೆಸರು ತೆಗೆದು ಹೊಸದು ಇಟ್ಟರು. ಬಸ್ಸಿಳಿದು ಬರುವಾಗ ಪಾನ್ ಅಂಗಡಿಯ ಸೆಲ್ವಂ ಕೂಗುತ್ತಿದ್ದ: "ಎನ್ನಾ ಕಮಿಂಗ್ ಸೂನಣ್ಣಾ, ಬಂತಾ?"

ಸೆಲ್ವಂನ ಅಂಗಡಿಯ ಫ್ಯಾನಿನ ಮೇಲೂ ಹದಿನೇಳಿತ್ತು.

ಮಳೆಗಾಲ ಹಿಡಿಯುವ ಹೊತ್ತಿಗೆ ಚಿಪ್ ಬಂತು! ಹರ್ಷವರ್ಧನನೇ ಸ್ಕೂಟರಿನಲ್ಲಿ ತಂದ. ಸುದ್ದಿ ಹಬ್ಬಿ ಮಳಿಗೆ ತುಂಬಿತು. ಸಿದ್ದಯ್ಯ ಉಜ್ಜನಪ್ಪನ ಮನೆಗೆ ತಾವೇ ಹೋಗಿ ಕರೆದುಕೊಂಡು ಬಂದರು. ಚಿಪ್ ಕೂರಿಸಿ ಸ್ವಿಚ್ ಹಾಕಿದರು. ಮಶೀನು ಮೊದಲಿಲ್ಲದ ಹೊಸ ದನಿಯಲ್ಲಿ ಹಹ್ಹಹ್ಹಾ ಎಂದು ರಾಕ್ಷಸನ ಹಾಗೆ ನಕ್ಕಿತು. ಮೊದಲು ಸುಮ್ಮನೆ ಉರಿಯುತ್ತಿದ್ದ ಎರಡನೇ ಬಾಗಿಲಿನ ದೀಪ ಈಗ ಮಿನುಗತೊಡಗಿತ್ತು. ಉಜ್ಜನಪ್ಪ ಆಡಿದ. ಮೊದಲ ಸಲ ಆಗಲಿಲ್ಲ, ಎರಡನೇ ಸಲವೂ ಆಗಲಿಲ್ಲ, ಮೂರನೇ ಸಲ ಏಳೂ ಬಾಗಿಲು ತೆಗೆದ.

ಕಮಿಂಗ್ ಸೂನ್.

"ಇದು ಸೌಂಡ್ ಅಪ್‌ಡೇಟು ಸಾರ್," ಅಂದ ಹರ್ಷವರ್ಧನ. "ಸಿಂಹಾಸನ ಮುಂದಿನ ಚಿಪ್ಪಲ್ಲಿ."

ಉಜ್ಜನಪ್ಪ ಹೆಸರಿನ ಪಟ್ಟಿ ನೋಡುತ್ತಿದ್ದ. ಅವನ ಹಳೆಯ ಮೂರಕ್ಷರ ಅಲ್ಲಿರಲಿಲ್ಲ. ಯಾರ ಹೆಸರೂ ಇರಲಿಲ್ಲ. ಚಿಪ್ ಬದಲಿಸಿದರೆ ಹಳೆಯ ಪಟ್ಟಿ ಅಳಿಸಿಹೋಗುತ್ತದಂತೆ. ಇಡೀ ವರ್ಷ ಹೊಸಮನೆ ಬೆವರು ಸುರಿಸಿ ಬರೆದ ಹೆಸರುಗಳ ಜಾಗದಲ್ಲಿ ಯಾವ ಊರಿನವರೋ ಗೊತ್ತಿಲ್ಲದ ಕಂಪನಿಯವರ ಹೆಸರುಗಳು ಕೂತಿದ್ದವು.

"ಕ್ರೇನನ್ನ ಕೊಕ್ಕೆ ಇಲ್ದೆ ಕಳ್ಸಿ, ಆಮೇಲೆ ಕೊಕ್ಕೆ ಬದ್ಲು ಹಾರನ್ ಕೊಟ್ರಲ್ಲಯ್ಯ," ಅಂದ ಉಜ್ಜನಪ್ಪ. ಸಿದ್ದಯ್ಯನ ಕಡೆ ತಿರುಗಿ, "ಇನ್ ಮುಂದೆ ನನ್ನ ಕರೀಬೇಡ ಮಾರಾಯ," ಅಂದ.

ಜನ ಕರಗುತ್ತ ಬಂದರು. ಆದರೆ ಸಿದ್ದಯ್ಯನವರಿಗೆ ತಾಗಿದ್ದು ಬೇರೆ. ಪಕ್ಕದ ಮನೆಯ ಮಾಸ್ತಮ್ಮ ಹೊಸ ಗ್ರೈಂಡರ್ ಕೊಂಡಳು. ಆಟೋದಲ್ಲಿ ಇಳಿಸುವಾಗ ಸಿದ್ದಯ್ಯ ಜಗುಲಿಯಲ್ಲೇ ಕೂತಿದ್ದರು. ಸುತ್ತಿಗೆ ತೆಗೆದುಕೊಂಡು ಎದ್ದೇ ಬಿಟ್ಟರು.

"ಬ್ಯಾಡ ಬಿಡಣ್ಣ," ಅಂದಳು ಮಾಸ್ತಮ್ಮ, ಮುಖ ನೋಡದೆ. "ಅಂಗಡಿಯೋನು ಗ್ಯಾರಂಟಿ ಕಾರ್ಡ್ ಕೊಟ್ಟವ್ನೆ."

ಸಿದ್ದಯ್ಯ ಸುತ್ತಿಗೆಯನ್ನು ಜೇಬಿಗೆ ಹಾಕಿಕೊಂಡು ಒಳಗೆ ಹೋದರು. ಹಳೇದು ತಗೊಳ್ಳಿ ಅಂದಿದ್ದೆ ಎಂದು ಸುವರ್ಣಮ್ಮ ಆವತ್ತೂ ಆಮೇಲೂ ಒಮ್ಮೆಯೂ ಎತ್ತಿ ಆಡಲಿಲ್ಲ. ಅದು ಅವರಿಗೆ ಬೈಗುಳಕ್ಕಿಂತ ಹೆಚ್ಚಾಗಿತ್ತು.

ಹೀಗಿರುವಾಗ ಒಂದು ಭಾನುವಾರ ಹರ್ಷವರ್ಧನ ಕಾರಿನಲ್ಲಿ ಬಂದ. ಜೊತೆಗೆ ಶಿವಪ್ರಸಾದ್ ಎಂಬುವರು, ಶಿವಮೊಗ್ಗದ ವಿದ್ಯಾನಗರದವರು. ಅಲ್ಲಿ ದೊಡ್ಡ ಗೇಮ್ಸ್ ಸೆಂಟರ್ ತೆರೆಯುವವರಿದ್ದರು. ಇದೇ ಕೋಟೆಯ ಮಶೀನು ಬೇಕಂತೆ.

ಶಿವಪ್ರಸಾದ್ ಕೈಮುಗಿದರು. "ನಮ್ಮ ಅಪ್ಪಾಜಿನೂ ನಿಮ್ಮ ಕಾರ್ಖಾನೇಲೇ ಇದ್ದೋರು ಸಾರ್. ಹದಿನೇಳು ಹಾಕಿದಾರೆ ಅಂದ್ರೆ ಕಣ್ಮುಚ್ಕೊಂಡು ತಗೋ ಅಂದ್ರು. ಹರ್ಷ ಹೇಳಿದ್ರು, ಇದಕ್ಕೆ ನೀವು ಹಾಕಿದೀರಂತೆ."

ಹರ್ಷವರ್ಧನ ಸಿದ್ದಯ್ಯನವರನ್ನು ಬಾಗಿಲ ಬಳಿಗೆ ಕರೆದು ಪಿಸುಗುಟ್ಟಿದ. "ಹ್ಞೂಂ ಅನ್ನಿ ಸಾರ್, ಸಾಕು. ಈ ನಿಮ್ ಮಶೀನ್ ನಾನು ವಾಪಸ್ ತಗೊಂಡೋಗ್ತೀನಿ. ಬೇರೆ ಕೊಡ್ತೀನಿ, ಪೂರ್ತಿ ಮುಗಿದಿರೋದು. ಊರವ್ರ ಬಾಯಿ ಮುಚ್ಚುತ್ತೆ."

ಸುವರ್ಣಮ್ಮ ಒಳಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಆಮೇಲೆ ಸಿದ್ದಯ್ಯ ಒಳಗೆ ಹೋಗಿ ಬಣ್ಣದ ಡಬ್ಬಿ ತಂದರು. ಕೆಂಪಿನದು. ಮಂಡಿಯೂರಿ ಕೂತು, ತಮ್ಮದೇ ಹದಿನೇಳರ ಮೇಲೆ ದಪ್ಪಗೆ ಇಂಟು ಎಳೆದರು.

"ರಿಜೆಕ್ಟು," ಅಂದರು. "ಏಳನೇ ಬಾಗ್ಲು ತೆಗೆದ್ರೆ ಆಚೆಗೆ ಏನೂ ಇಲ್ಲ. ಮಶೀನು ಅರ್ಧ. ನಾನು ನೋಡ್ದೆ ಪಾಸ್ ಮಾಡಿದೀನಿ. ನೀವು ತಗೋಬೇಡಿ."

ಅವರ ಸರ್ವೀಸಿನಲ್ಲೇ ಹಳದಿಯ ಮೇಲೆ ಕೆಂಪು ಬಿದ್ದದ್ದು ಅದೊಂದೇ. ನಾವು ನಾಲ್ಕೈದು ಜನ ಅಲ್ಲಿದ್ದೆವು. ಈಗ ಶಿವಪ್ರಸಾದ್ ಸಿಟ್ಟಾಗುತ್ತಾರೆ, ಹರ್ಷವರ್ಧನನ ಟೈ ಹಿಡಿದು ಎಳೆಯುತ್ತಾರೆ ಎಂದುಕೊಂಡೆವು.

ಶಿವಪ್ರಸಾದ್ ನಕ್ಕರು. ಕೆಟ್ಟ ನಗುವಲ್ಲ, ಸಮಾಧಾನ ಹೇಳುವಂಥದು. "ಅಷ್ಟೇನಾ ಸಾರ್? ನಾನು ಮೋಟ್ರೇ ಸುಟ್ಟೋಗುತ್ತೇನೋ ಅಂದ್ಕೊಂಡೆ. ವಿದ್ಯಾನಗರದ ಹುಡುಗ್ರು ಎರಡನೇ ಬಾಗ್ಲಿಗೇ ಬೇಜಾರಾಗಿ ಐಸ್‌ಕ್ರೀಮ್ ಕೇಳ್ತಾರೆ. ಏಳನೇದಕ್ಕೆ ಯಾರ್ ಹೋಗ್ತಾರೆ? ನಂಗೆ ಲೈಟು ಹತ್ತಿದ್ರೆ ಸಾಕು."

"ಹೋಗೋರು ಒಬ್ರಿದ್ರೆ?"

"ಒಬ್ಬನಿಗೋಸ್ಕರ ಯಾರ್ ಸಾರ್ ಪ್ರೋಗ್ರಾಮ್ ಬರೀತಾರೆ?"

ಕಾರಿನಲ್ಲಿ ಕೂತು ಇಬ್ಬರೂ ಹೋದರು. ಶಿವಪ್ರಸಾದ್ ಮಶೀನು ಕೊಂಡರು ಎಂದು ವಾರದಲ್ಲೇ ತಿಳಿಯಿತು.

ಕೆಂಪು ಬಿದ್ದ ಮಾಲನ್ನು ಬಳಸಬಾರದು. ಸಿದ್ದಯ್ಯ ಮಶೀನಿನ ವೈರು ಕಿತ್ತರು. ಆಡಿಸಿ ಎಂದು ನಾವು ಗೋಗರೆದರೂ ಕೇಳಲಿಲ್ಲ. ವಾಪಸ್ ಕಳಿಸಲು ಅದಕ್ಕೆ ಕುಲುಮೆಯೂ ಇರಲಿಲ್ಲ. ಸುವರ್ಣಮ್ಮ ಮಳಿಗೆಯನ್ನು ಎಸ್‌ಟಿಡಿ ಬೂತ್ ಮಾಡಿದರು. ಮಶೀನಿನ ಗಾಜಿನ ಮೇಲೆ ಒಂದು ಹಲಗೆ ಹಾಸಿ ಫೋನು ಇಟ್ಟರು. ಜನ ಏಳು ಬಾಗಿಲ ಕೋಟೆಯ ಮೇಲೆ ಮೊಣಕೈ ಊರಿಕೊಂಡು ಹಲೋ ಹಲೋ ಎನ್ನುತ್ತಿದ್ದರು. ಖಾಲಿ ಫ್ರೇಮು ಗೋಡೆಯ ಮೇಲೆ ಹಾಗೇ ಇತ್ತು. ಮುಂದಿನ ಚಿಪ್ ಬರಲೇ ಇಲ್ಲ. ಆ ಆಟ ಮಾಡಿದ ಕಂಪನಿ ಅದನ್ನು ಬಿಟ್ಟು ಬೇರೆ ಮಶೀನು ಮಾಡಲು ಹೊರಟಿತಂತೆ.

ಅದಾದ ಬೇಸಿಗೆಯಲ್ಲಿ ನಮ್ಮ ಗುಂಪಿನವನೊಬ್ಬ ವಿದ್ಯಾನಗರಕ್ಕೆ ಹೋಗಿ ಆಡಿ ಬಂದ. ಬಂದವನೇ ಬೂತಿನಲ್ಲಿ ಹೇಳಿದ: ಅಲ್ಲಿನ ಮಶೀನಿನ ಕಾಲಿನ ಮೇಲೂ ಹದಿನೇಳು ಇದೆ. ಹಳದಿ ಬಣ್ಣದ್ದೇ.

ಸಿದ್ದಯ್ಯ ಎರಡು ಸಲ ಕೇಳಿದರು. ಚಪ್ಪಲಿ ಮೆಟ್ಟಿಕೊಂಡು ಹೊರಟರು. ಅವರ ಮುಖ ನೋಡಿ ನಾವೂ ಬಸ್ಸು ಹತ್ತಿದೆವು.

ಗೇಮ್ಸ್ ಸೆಂಟರ್ ತಣ್ಣಗಿತ್ತು, ಏಸಿ ಹಾಕಿದ್ದರು. ಮಕ್ಕಳು ಗಿಜಿಗುಡುತ್ತಿದ್ದರು. ಮಶೀನು ನಡುವೆ ಹೊಳೆಯುತ್ತ ನಿಂತಿತ್ತು. ಮುಂದಿನ ಬಲಗಾಲಿನ ಮೇಲೆ ಹದಿನೇಳಿತ್ತು. ಕೈಬರಹವಲ್ಲ, ಪ್ರಿಂಟು ಮಾಡಿಸಿದ ಸ್ಟಿಕ್ಕರು. ಸುತ್ತ ಚಿಕ್ಕ ಅಕ್ಷರದಲ್ಲಿ, ಪರೀಕ್ಷಿಸಿ ದೃಢಪಡಿಸಲಾಗಿದೆ, ಭದ್ರಾವತಿ, ಅಂತ ಇತ್ತು.

ಕೌಂಟರಿನಿಂದ ಶಿವಪ್ರಸಾದ್ ಎದ್ದು ಬಂದರು. "ಓಹೋ, ಬನ್ನಿ ಸಾರ್. ಅದು ಹರ್ಷನ ಐಡಿಯಾ. ಈಗ ಅವ್ನು ಮಾರೋ ಎಲ್ಲಾ ಮಶೀನಿಗೂ ಹಾಕ್ತಾನೆ. ನಿಮ್ಮ ಹೆಸ್ರು ದಾವಣಗೆರೆತನಕ ಹೋಗಿದೆ."

"ನಾನು ರಿಜೆಕ್ಟ್ ಅಂದಿದ್ದೆ."

"ಅದು ನಿಮ್ಮ ಮಶೀನಿಗೆ ಸಾರ್."

ಸಿದ್ದಯ್ಯ ಕೆಳಗೆ ಕೂತರು. ಮಂಡಿ ಲಟಕ್ಕೆಂದಿತು. ಕೆಂಪು ಬಣ್ಣ ತರಲು ಮರೆತಿದ್ದರು. ಉಗುರಿನಿಂದ ಸ್ಟಿಕ್ಕರಿನ ಅಂಚು ಎಬ್ಬಿಸಲು ನೋಡಿದರು. ಅದು ಗಟ್ಟಿಯಾಗಿ ಅಂಟಿತ್ತು. ಆ ಮಶೀನಿನಲ್ಲಿ ಪೂರ್ತಿ ಮುಗಿಸಿದ ಕೆಲಸ ಅಂತ ಇದ್ದದ್ದು ಬಹುಶಃ ಅದೊಂದೇ.

ಜೇಬಿನಿಂದ ಬೀಗದ ಕೈ ತೆಗೆದು ಕೆರೆಯತೊಡಗಿದರು. ಒಂದರ ಕಾಲು ಹೋಯಿತು, ಏಳು ಹಾಗೇ ಉಳಿಯಿತು. ಮೇಲೆ ಗುಂಡು ಖಣಖಣ ಓಡಾಡುತ್ತಿತ್ತು. ಆಡುತ್ತಿದ್ದ ಹುಡುಗಿ, ಶಾಲೆಯ ಸಮವಸ್ತ್ರದವಳು, ಕೆಳಗೆ ನೋಡಿದಳು.

"ಅಜ್ಜ, ಅಲ್ಲಾಡಿಸ್ಬೇಡಿ, ಟಿಲ್ಟ್ ಆಗಿ ಆಟ ನಿಂತ್ಹೋಗುತ್ತೆ."

"ಎಷ್ಟನೇ ಬಾಗ್ಲಮ್ಮ?" ಅಂದರು ಸಿದ್ದಯ್ಯ, ಕೆರೆಯುವುದು ನಿಲ್ಲಿಸದೆ.

"ಆರನೇದು."

ಅವರ ಕೈ ನಿಂತಿತು. ಮೆಲ್ಲಗೆ ಎದ್ದು ಅವಳ ಪಕ್ಕ ನಿಂತರು. ಹುಡುಗಿಯ ಬೆರಳು ಹಗುರವಾಗಿತ್ತು, ಗುಂಡು ಬರುವವರೆಗೂ ಕಾಯುತ್ತಿತ್ತು. ಉಜ್ಜನಪ್ಪನನ್ನು ನೋಡಿದ ನಮಗೆಲ್ಲ ಅದು ಎಂಥ ಕೈ ಎಂದು ಗೊತ್ತಾಯಿತು. ಆರನೆಯದು ತೆಗೆಯಿತು. ಅವಳು ತುಟಿ ಕಚ್ಚಿಕೊಂಡಳು.

"ಮಗೂ," ಅಂದರು ಸಿದ್ದಯ್ಯ, "ಸಾಕು ಬಿಟ್ಬಿಡಮ್ಮ. ಮುಂದೆ ಹೋಗ್ಬೇಡ."

"ಯಾಕೆ?"

ಅಷ್ಟರಲ್ಲಿ ಗುಂಡು ಅವಳ ಎಡರೆಕ್ಕೆಯಿಂದ ಹಾರಿತು. ದೀಪಗಳೆಲ್ಲ ಹತ್ತಿದವು, ಕಹಳೆ ಊದಿತು. ಹುಡುಗಿ ಎರಡೂ ಕೈ ಮೇಲೆತ್ತಿ ಕುಣಿದಳು. ಸಿದ್ದಯ್ಯ ಪರದೆ ನೋಡಲಿಲ್ಲ. ಬೀಗದ ಕೈಯನ್ನು ಜೇಬಿಗೆ ಹಾಕಿಕೊಂಡು, ಅವಳ ಕೈ ಕೆಳಗಿಳಿಯುವ ಮೊದಲೇ ಹೊರಗೆ ನಡೆದುಬಿಟ್ಟರು.